ಬಾವಲಿ ಆಚೆಯ ವರ್ಗೀಸ್, ಈಚೆಯ ಹಾಡಿಗಳು

ಕೇರಳದ ನಕ್ಸಲ್ ನಾಯಕ ವರ್ಗೀಸ್ ಹೆಸರು ಎಚ್.ಡಿ. ಕೋಟೆ ಕಡೆಯ ಆದಿವಾಸಿ ಹಾಡಿಗಳಲ್ಲಿ ಯಾಕೆ ಕೇಳಿಬರುತ್ತದೆ ಅಂತ ಕೇಳಿದಿರಿ. ನಾವು ಮೈಸೂರು ಜಿಲ್ಲೆಯವರೇ, ಆದರೆ ಗಡಿಯ ಬಾವಲಿ ಊರು ದಾಟಿದರೆ ಕೇರಳದ ವಯನಾಡು. ಸಂಜೆ 6 ಗಂಟೆಗೆ ಕಾಡಿನ ಗೇಟು ಹಾಕಿದರೆ ಬೆಳಿಗ್ಗೆವರೆಗೆ ಗಾಡಿ ಬಿಡುವುದಿಲ್ಲ. ನೆಂಟಸ್ತನಕ್ಕೆ ಮಾತ್ರ ಗೇಟಿಲ್ಲ. ಅಲ್ಲಿ ಅಡಿಯರು ಅನ್ನಿಸಿಕೊಂಡ ಆದಿವಾಸಿಗಳೇ ನಮ್ಮ ಕಡೆ ಯರವರು. ಶುಂಠಿ ಬೆಳೆಯೋಕೆ ಆ ಕಡೆಯವರು ನಮ್ಮ ಜಮೀನು ಗುತ್ತಿಗೆಗೆ ಹಿಡಿಯುತ್ತಾರೆ, ಇಲ್ಲಿಯ ಹಾಡಿಯವರು ಕಾಫಿ ಕೊಯ್ಲಿಗೆ ಕೊಡಗಿಗೆ ಹೋಗುತ್ತಾರೆ. ಸುದ್ದಿ, ಕಥೆ ಎಲ್ಲವೂ ಇದೇ ದಾರಿಯಲ್ಲಿ ಓಡಾಡುತ್ತವೆ.

ಹಿಂದೆ ಮಾನಂದವಾಡಿ ಹತ್ತಿರದ ವಳ್ಳಿಯೂರ್‌ಕಾವು ಜಾತ್ರೆಯಲ್ಲಿ ಜಮೀನ್ದಾರರು ಮುಂಗಡ ಕೊಟ್ಟು ಅಡಿಯರನ್ನು, ಪಣಿಯರು ಅನ್ನುವ ಇನ್ನೊಂದು ಆದಿವಾಸಿ ಜನರನ್ನು ಒಂದು ವರ್ಷದ ಜೀತಕ್ಕೆ ಹಿಡಿಯುತ್ತಿದ್ದರು. ದೇವಿಯ ಮುಂದೆ ಮಾತು ಕೊಟ್ಟ ಮೇಲೆ ಮುರಿಯುವ ಹಾಗಿಲ್ಲ. ಕೂಲಿ ಅಂದರೆ ಭತ್ತ, ಅದೂ ಧಣಿ ಅಳೆದಷ್ಟು. ಕಮ್ಯುನಿಸ್ಟ್ ಪಕ್ಷದ ಕೆಲಸಕ್ಕೆ ಬಂದ ವರ್ಗೀಸ್ ಈ ಕೂಲಿಗಾಗಿಯೇ ಜಗಳಕ್ಕೆ ನಿಂತರು. ಆಮೇಲೆ ನಕ್ಸಲ್ ದಾರಿ ಹಿಡಿದರು. 1968ರಲ್ಲಿ ಪುಲ್ಪಳ್ಳಿ ಪೊಲೀಸ್ ಕ್ಯಾಂಪಿನ ಮೇಲೆ ದಾಳಿ ಆಯಿತು, ಆಮೇಲೆ ವಯನಾಡಿನ ತಿರುನೆಲ್ಲಿಯಲ್ಲಿ ಜಮೀನ್ದಾರನ ಕೊಲೆಯೂ ಆಯಿತು. 1970ರ ಫೆಬ್ರವರಿ 18ರಂದು ವರ್ಗೀಸರನ್ನು ಗುಂಡಿಕ್ಕಿ ಕೊಂದರು. ಎನ್‌ಕೌಂಟರ್ ಅಂತ ಪೊಲೀಸರು ಹೇಳಿದ್ದು 28 ವರ್ಷ ನಡೆಯಿತು. 1998ರಲ್ಲಿ ಕಾನ್‌ಸ್ಟೆಬಲ್ ರಾಮಚಂದ್ರನ್ ನಾಯರ್, ಮೇಲಧಿಕಾರಿಗಳ ಮಾತಿಗೆ ನಾನೇ ಗುಂಡು ಹೊಡೆದೆ ಅಂತ ಒಪ್ಪಿಕೊಂಡರು. ಹಾಗೆ ಹೊಡೆಯಲು ಹೇಳಿದ್ದಕ್ಕೆ 2010ರಲ್ಲಿ ನಿವೃತ್ತ ಪೊಲೀಸ್ ಐಜಿ ಲಕ್ಷ್ಮಣ ಅವರಿಗೆ ಸಿಬಿಐ ಕೋರ್ಟ್ ಜೀವಾವಧಿ ಶಿಕ್ಷೆ ಕೊಟ್ಟಿತು.

ಈಗ ಅವರನ್ನು ನೆನೆಯುವವರೆಲ್ಲ ಒಂದೇ ಮನುಷ್ಯನನ್ನು ನೆನೆಯುವುದಿಲ್ಲ. ನಕ್ಸಲ್ ಗುಂಪುಗಳಿಗೆ ಅವರು ಬಂದೂಕು ಹಿಡಿದ ಹುತಾತ್ಮ. ಹಾಡಿಯ ಮುದುಕಿಯರ ಬಾಯಲ್ಲಿ ಬಂದೂಕು ಬರುವುದೇ ಇಲ್ಲ. ಅಳತೆ ಸರಿಯಾಗಿ ಮಾಡಿಸಿದವನು, ನಮ್ಮ ಜೊತೆ ಕೂತು ಉಂಡವನು, ಅಷ್ಟೇ. ನನಗೆ ಈ ಮುದುಕಿಯರ ನೆನಪಿನ ಮೇಲೆ ಜಾಸ್ತಿ ನಂಬಿಕೆ. ಹಾಗಂತ ಕೊಲೆಗಳನ್ನು ಮುಚ್ಚಿಟ್ಟು ಅವರನ್ನು ಬರೀ ಸಂತನನ್ನಾಗಿ ಮಾಡುವುದೂ ತಪ್ಪು. ಸತ್ತವರ ಮನೆಯವರಿಗೂ ನೆನಪಿದೆ ಅಲ್ವಾ.

ನಮ್ಮ ಕಡೆಯ ಹೋರಾಟ ಬೇರೆ ದಾರಿಯದು. ನಾಗರಹೊಳೆ ಕಾಡಿನೊಳಗೆ ದೊಡ್ಡ ಹೋಟೆಲ್ ಕಟ್ಟಲು ಹೊರಟಾಗ ಆದಿವಾಸಿಗಳು ಧರಣಿ ಕೂತರು, ಕೋರ್ಟಿಗೂ ಹೋದರು. 1997ರಲ್ಲಿ ಹೈಕೋರ್ಟ್ ಅದನ್ನು ನಿಲ್ಲಿಸಿತು. ಈಗಿನ ಕೆಲಸವೆಲ್ಲ 2006ರ ಅರಣ್ಯ ಹಕ್ಕು ಕಾಯ್ದೆಯಡಿ ಕಾಡಿನ ಜಾಗದ ಹಕ್ಕು ಕೇಳುವ ಅರ್ಜಿಗಳದ್ದು. ಸಭೆಗೆ ಹೆಂಗಸರು ಪ್ಲಾಸ್ಟಿಕ್ ಕವರಿನಲ್ಲಿ ರೇಷನ್ ಕಾರ್ಡು, ಹಳೇ ರಸೀದಿ ಸುತ್ತಿಕೊಂಡು ಬರುತ್ತಾರೆ. ಕಾಗದ ಇಲ್ಲದವರೇ ಜಾಸ್ತಿ. ಆದರೆ ಈ ಕಾಯ್ದೆಯ ನಿಯಮದಲ್ಲಿ ಹಿರಿಯರ ಹೇಳಿಕೆ ಬರೆದುಕೊಂಡರೆ ಅದೂ ಸಾಕ್ಷಿ. ಹಳೇ ಸಮಾಧಿ, ಬಾವಿ, ದೇವರ ಜಾಗ ತೋರಿಸಿದರೆ ಅದೂ ಸಾಕ್ಷಿ. ಅಜ್ಜಿ ಜೀತದ ಕಥೆ ಶುರು ಮಾಡಿದರೆ ಹುಡುಗರು ತಡೆಯುವುದಿಲ್ಲ. ಯಾವ ಧಣಿ, ಯಾವ ಗದ್ದೆ, ಆಗ ಗುಡಿಸಲು ಎಲ್ಲಿತ್ತು ಅಂತ ಒಂದೊಂದೇ ಕೇಳಿ ಅರ್ಜಿಗೆ ಬರೆದುಕೊಳ್ಳುತ್ತಾರೆ. ವರ್ಗೀಸ್ ಹೆಸರು ಬರುವುದು ಆ ಮಾತಿನ ನಡುವೆ.