ಕ್ಯಾಲ್ಸಿಯಂ 7.6 ಬಂದಿದೆ, ಮಾತ್ರೆ ಕೊಡಬಹುದಾ?

ಪ್ರಶ್ನೆ: ನಮ್ಮ ತಂದೆಗೆ 64 ವರ್ಷ. ಲಿವರ್ ಸಿರೋಸಿಸ್‌ಗೆ ಔಷಧಿ ನಡೆಯುತ್ತಿದೆ. ಈ ಸಲದ ರಿಪೋರ್ಟಿನಲ್ಲಿ ಕ್ಯಾಲ್ಸಿಯಂ 7.6, ಆಲ್ಬುಮಿನ್ 2.2. ಎರಡೂ ಕಡಿಮೆ ಅಂತ ಗುರುತು ಹಾಕಿದ್ದಾರೆ. ಮೆಡಿಕಲ್ ಶಾಪಿನವರು ಕ್ಯಾಲ್ಸಿಯಂ ಮಾತ್ರೆ ಶುರು ಮಾಡಿ ಅನ್ನುತ್ತಾರೆ. ಡಾಕ್ಟರನ್ನು ನೋಡುವುದು ಮುಂದಿನ ವಾರ. ಅಷ್ಟರಲ್ಲಿ ಕೊಡಬಹುದಾ?
– ಓದುಗರೊಬ್ಬರು, ಸಕಲೇಶಪುರ

ಉತ್ತರ: ತೊಂದರೆ ಏನೂ ಕಾಣದಿದ್ದರೆ ಡಾಕ್ಟರನ್ನು ನೋಡುವವರೆಗೆ ತಡೆಯಿರಿ. ರಕ್ತದ ಕ್ಯಾಲ್ಸಿಯಂನಲ್ಲಿ ಶೇ. 40ರಷ್ಟು ಪ್ರೋಟೀನಿಗೆ, ಅದರಲ್ಲೂ ಆಲ್ಬುಮಿನ್‌ಗೆ ಅಂಟಿಕೊಂಡಿರುತ್ತದೆ. ನರ, ಸ್ನಾಯು, ಹೃದಯಕ್ಕೆ ಕೆಲಸಕ್ಕೆ ಬರುವುದು ಬಿಡಿಯಾಗಿ ಓಡಾಡುವ ಭಾಗ ಮಾತ್ರ. ಲ್ಯಾಬಿನವರು ಸಾಮಾನ್ಯವಾಗಿ ಅಳೆಯುವುದು ಎರಡನ್ನೂ ಸೇರಿಸಿ. ಲಿವರ್ ಆಲ್ಬುಮಿನ್ ತಯಾರಿಸುವುದು ಕಡಿಮೆಯಾದಾಗ ಒಟ್ಟು ಲೆಕ್ಕ ಇಳಿಯುತ್ತದೆ, ಬಿಡಿ ಕ್ಯಾಲ್ಸಿಯಂ ಸರಿಯಾಗಿಯೇ ಇರಬಹುದು.

ಇದಕ್ಕೊಂದು ಹಳೆಯ ಲೆಕ್ಕವಿದೆ. ಆಲ್ಬುಮಿನ್ 4ಕ್ಕಿಂತ ಎಷ್ಟು ಕಡಿಮೆಯೋ ಅದನ್ನು 0.8ರಿಂದ ಗುಣಿಸಿ, ಕ್ಯಾಲ್ಸಿಯಂಗೆ ಕೂಡಿಸಿ. ನಿಮ್ಮ ತಂದೆಯದು: 1.8 ಗುಣಿಲೆ 0.8, ಅಂದರೆ 1.44. ಕೂಡಿಸಿದರೆ 9.04. ಸಾಮಾನ್ಯ ಮಟ್ಟ 8.5ರಿಂದ 10.5, ಅಲ್ವಾ? ಕಡಿಮೆ ಅನ್ನಿಸಿದ್ದು ಹೀಗೆ ನೋಡಿದರೆ ಸರಿಯಾಗಿದೆ.

ಆದರೆ ಈ ಲೆಕ್ಕವನ್ನೇ ಪೂರ್ತಿ ನಂಬುವವನು ನಾನಲ್ಲ. ಇದು ಅಂದಾಜು. ಆಲ್ಬುಮಿನ್ ತೀರಾ ಇಳಿದಾಗ, ಕಿಡ್ನಿ ಕೆಟ್ಟಾಗ, ಐಸಿಯುನಲ್ಲಿ ಇರುವವರಲ್ಲಿ ಇದು ತಪ್ಪುವುದುಂಟು. ಲಿವರ್ ಕಾಯಿಲೆಯಲ್ಲಿ ವಿಟಮಿನ್ ಡಿ, ಮೆಗ್ನೀಸಿಯಂ ಕಡಿಮೆಯಾಗಿ ಕ್ಯಾಲ್ಸಿಯಂ ನಿಜಕ್ಕೂ ಇಳಿಯಬಹುದು. ಮೈಯಲ್ಲಿ ತುಂಬಿದ ನೀರು ಇಳಿಸಲು ಕೊಡುವ ಫ್ಯೂರೋಸೆಮೈಡ್ ಮಾತ್ರೆ ಕೂಡ ಮೂತ್ರದಲ್ಲಿ ಕ್ಯಾಲ್ಸಿಯಂ ಜಾಸ್ತಿ ಹೋಗುವಂತೆ ಮಾಡುತ್ತದೆ. ಅನುಮಾನ ಉಳಿದರೆ ಅಯೊನೈಸ್ಡ್ ಕ್ಯಾಲ್ಸಿಯಂ ಪರೀಕ್ಷೆ ಮಾಡಿಸಿ; ಅದು ಬಿಡಿ ಭಾಗವನ್ನೇ ಅಳೆಯುತ್ತದೆ. ಆ ರಕ್ತ ಗಾಳಿಗೆ ತೆರೆದುಕೊಳ್ಳಬಾರದು, ಬೇಗ ಯಂತ್ರಕ್ಕೆ ಹೋಗಬೇಕು. ಹಾಗಾಗಿ ಸಕಲೇಶಪುರದಲ್ಲಿ ರಕ್ತ ಕೊಟ್ಟು ಹಾಸನಕ್ಕೆ ಕಳಿಸುವುದಕ್ಕಿಂತ, ಪರೀಕ್ಷೆ ಮಾಡುವ ಆಸ್ಪತ್ರೆಗೇ ಹೋಗಿ ಕೊಡುವುದು ಒಳ್ಳೆಯದು.

ಉಲ್ಟಾ ಕೂಡ ಆಗುತ್ತದೆ. ರಕ್ತ ತೆಗೆಯುವಾಗ ತೋಳಿನ ಪಟ್ಟಿ ಬಹಳ ಹೊತ್ತು ಕಟ್ಟಿದ್ದರೆ ಪ್ರೋಟೀನ್ ಜೊತೆ ಕ್ಯಾಲ್ಸಿಯಂ ಕೂಡ ಸುಮ್ನೆ ಏರಿದಂತೆ ಕಾಣುತ್ತದೆ. ಮೈಲೋಮಾ ಅನ್ನುವ ಒಂದು ಬಗೆಯ ರಕ್ತದ ಕ್ಯಾನ್ಸರ್‌ನಲ್ಲಿ ಪ್ರೋಟೀನ್ ಜಾಸ್ತಿಯಾಗಿ ಒಟ್ಟು ಕ್ಯಾಲ್ಸಿಯಂ ಏರಬಹುದು. ಅಲ್ಲಿ ಮಾತ್ರ ಇದು ಸುಳ್ಳು ಏರಿಕೆ ಅಂತ ಬಿಟ್ಟುಬಿಡಬೇಡಿ, ಆ ಕಾಯಿಲೆಯಲ್ಲಿ ನಿಜವಾದ ಏರಿಕೆಯೇ ಜಾಸ್ತಿ.

ತಂದೆಗೆ ಬಾಯಿ ಸುತ್ತ ಅಥವಾ ಬೆರಳ ತುದಿಯಲ್ಲಿ ಜುಮುಜುಮು, ಕೈ ಸೆಟೆದುಕೊಳ್ಳುವುದು, ಫಿಟ್ಸ್ ಕಂಡರೆ ಮುಂದಿನ ವಾರದವರೆಗೆ ಕಾಯದೆ ಕೂಡಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.