ದೋಣಿಯ ತಳಕ್ಕೆ ಯಾವ ಬಣ್ಣ ಅಗ್ಗ?

ಪ್ರಶ್ನೆ: ಹತ್ತು ಮೀಟರ್ ಉದ್ದದ ನಮ್ಮ ಫೈಬರ್ ದೋಣಿಯನ್ನು ಚಂದ್ರಗಿರಿ ಅಳಿವೆಯ ಒಳಗೆ ನೀರಿನಲ್ಲೇ ಕಟ್ಟಿಡುತ್ತೇವೆ, ಮಳೆಗಾಲದಲ್ಲಿ ಮಾತ್ರ ದಡಕ್ಕೆ ಎಳೆಯುತ್ತೇವೆ. ಗಟ್ಟಿಯಾಗಿ ಕೂರುವ ತಾಮ್ರದ ಬಣ್ಣ ಲೀಟರಿಗೆ 1,200 ರೂಪಾಯಿ, ನೀರಿನಲ್ಲಿ ತಾನಾಗಿ ಸವೆಯುವ ಬಣ್ಣ 1,800 ರೂಪಾಯಿ ಎನ್ನುತ್ತಾರೆ. ಮೊದಲಿನದನ್ನೇ ಬಳಿಯುತ್ತಿದ್ದರೂ ವರ್ಷದ ನಡುವೆ ಚಿಪ್ಪು ಕಟ್ಟುತ್ತದೆ. ದೋಣಿ ಎಳೆದು ಕೆರೆಸಲು ಪ್ರತಿ ಸಲ 6,000 ರೂಪಾಯಿ ತಗಲುತ್ತದೆ. ಯಾವುದು ಲಾಭ?
– ಓದುಗರೊಬ್ಬರು, ಕಾಸರಗೋಡು

ಉತ್ತರ: ಡಬ್ಬಿಯ ಬೆಲೆಗಿಂತ, ಒಂದು ವರ್ಷದಲ್ಲಿ ದೋಣಿಯನ್ನು ಎಷ್ಟು ಸಲ ಎಳೆಯಬೇಕಾಗುತ್ತದೆ ಎಂಬುದನ್ನು ಲೆಕ್ಕ ಹಾಕಿ. ನಿಮ್ಮ ದೋಣಿಯ ಅಗಲ 2 ಮೀಟರ್, ನೀರಿನೊಳಗಿನ ಆಳ ಅರ್ಧ ಮೀಟರ್ ಎಂದಿಟ್ಟುಕೊಂಡರೆ, ಇವೆರಡನ್ನು ಕೂಡಿಸಿ, ಉದ್ದದಿಂದ ಗುಣಿಸಿ, ಬಂದುದರ ಮುಕ್ಕಾಲು ಪಾಲು ಹಿಡಿದಾಗ ಬಳಿಯಬೇಕಾದ ತಳ ಸುಮಾರು 19 ಚದರ ಮೀಟರ್ ಆಗುತ್ತದೆ. ಲೀಟರಿಗೆ ಸುಮಾರು 9 ಚದರ ಮೀಟರಿನಂತೆ ಎರಡು ಕೋಟು ಬಳಿಯಲು 5 ಲೀಟರ್ ಧಾರಾಳ ಸಾಕು. ಆಗ ಎರಡು ಬಣ್ಣಗಳ ನಡುವಿನ ಅಂತರ 3,000 ರೂಪಾಯಿ ಮಾತ್ರ. ದುಬಾರಿ ಬಣ್ಣ ಒಂದೇ ಒಂದು ಎಳೆತವನ್ನು ಉಳಿಸಿದರೂ, ಇಂಧನದ ಉಳಿತಾಯವನ್ನು ಬದಿಗಿಟ್ಟು, 3,000 ರೂಪಾಯಿ ನಿಮ್ಮ ಕೈಯಲ್ಲಿ ಉಳಿಯುತ್ತದೆ.

ಅದು ಉಳಿಸುತ್ತದೆ ಎಂದೇ ನನ್ನ ನಂಬಿಕೆ. ಗಟ್ಟಿ ಬಣ್ಣದ ತಾಮ್ರ ಗಾಳಿಗೆ ಒಡ್ಡಿಕೊಂಡಷ್ಟೂ ಮೇಲ್ಮೈಯಲ್ಲಿ ಸತ್ವ ಕಳೆದುಕೊಳ್ಳುವುದರಿಂದ, ಮಳೆಗಾಲವಿಡೀ ದಡದಲ್ಲಿರುವ ದೋಣಿಗೆ ಅದು ಹೊಂದುವುದಿಲ್ಲ. ಮೇಲಾಗಿ ವರ್ಷದಿಂದ ವರ್ಷಕ್ಕೆ ಪದರದ ಮೇಲೆ ಪದರ ಕೂತು, ಕೊನೆಗೆ ಎಲ್ಲವನ್ನೂ ಕೆರೆದು ತೆಗೆಯುವ ಇನ್ನೊಂದು ಖರ್ಚು ಬೀಳುತ್ತದೆ. ಸವೆಯುವ ಬಣ್ಣ ದೋಣಿ ಓಡಿದಂತೆ ಹೊಸ ಪದರವನ್ನು ತೆರೆಯುತ್ತದೆ. ಆದರೆ ವಾರಗಟ್ಟಲೆ ಕಟ್ಟಿಯೇ ಇಡುವ ದೋಣಿಗೆ ಈ ಲಾಭ ಕಡಿಮೆ, ದಿನವೂ ಮರಳಿನ ಮೇಲೆ ಎಳೆಯುವ ದೋಣಿಗೆ ಇದು ದಂಡ. ಬೂತಾಯಿ ಮೀನಿನ ಎಣ್ಣೆ ಬಳಿಯುತ್ತಿದ್ದ ನಮ್ಮ ಹಿರಿಯರ ಮರದ ದೋಣಿಗಳ ಲೆಕ್ಕವೇ ಬೇರೆ.

ಮೊದಲ ಕೋಟು ಕೆಂಪು, ಎರಡನೆಯದು ಕಪ್ಪು ಬಳಿಯಿರಿ. ಮೂತಿಯ ಅಂಚಿನಲ್ಲಿ ಕಪ್ಪಿನ ನಡುವೆ ಅಂಗೈಯಗಲ ಕೆಂಪು ಕಂಡಿತೆಂದರೆ ಮತ್ತೆ ಬಳಿಯುವ ಹೊತ್ತು ಬಂತು ಎಂದು ತಿಳಿಯಿರಿ. ಮಳೆ ನಿಂತು ತಳ ಚೆನ್ನಾಗಿ ಒಣಗಿದ ಮೇಲೆ, ನೀರಿಗಿಳಿಸುವ ಮುನ್ನ ಬಳಿಯುವುದು ಒಳ್ಳೆಯದು. ಮಳೆ ಕಳೆದು ಅಳಿವೆಯ ನೀರು ಮತ್ತೆ ಉಪ್ಪಾಗುವಾಗಲೇ ಚಿಪ್ಪು ಅಂಟಲು ತೊಡಗುವುದು. ಹಳೆಯ ಗಟ್ಟಿ ಬಣ್ಣವನ್ನು ಉಜ್ಜಿ ಒರಟು ಮಾಡಿ ಅದರ ಮೇಲೆ ಸವೆಯುವ ಬಣ್ಣ ಹಚ್ಚಬಹುದು, ತಿರುಗುಮುರುಗು ಕೂಡದು. ನೀರಿನೊಳಗಿರುವ ಎಂಜಿನಿನ ಅಲ್ಯೂಮಿನಿಯಂ ಕಾಲಿಗೆ ಮಾತ್ರ ತಾಮ್ರವಿರುವ ಯಾವ ಬಣ್ಣವನ್ನೂ ತಾಗಿಸಬೇಡಿ, ಲೋಹ ತಿಂದುಹೋಗುತ್ತದೆ. ಉಜ್ಜುವಾಗ ನೀರು ಹಾಕಿಯೇ ಉಜ್ಜಿ, ಮುಖಕ್ಕೆ ಮಾಸ್ಕ್ ಕಟ್ಟಿಕೊಳ್ಳಿ; ಕೆಳಗೆ ಟಾರ್ಪಾಲ್ ಹಾಸಿ ಆ ಕೆಸರನ್ನು ಒಟ್ಟುಮಾಡಿ. ಅದು ವಿಷ, ಮರುವಾಯಿ (ತಿನ್ನುವ ಚಿಪ್ಪು) ಹೆಕ್ಕುವವರ ಹೊಳೆಗೆ ಸೇರಬಾರದು.