ಡೀಸೆಲ್‌ಗೆ ನೀರು ಸೇರಿದರೆ ಮೊದಲು ಟ್ಯಾಂಕ್ ಇಳಿಸಿ

ಮಳೆಗಾಲ ಪೂರ್ತಿ ನಿಂತಿದ್ದ ಮೀನಿನ ಲಾರಿ, ಡೀಸೆಲ್‌ಗೆ ನೀರು ಸೇರಿದೆ, ನೀರು ತೆಗೆಯುವ ಔಷಧಿ ಹಾಕಲಾ ಅಥವಾ ಗ್ಯಾರೇಜಿನವರು ಹೇಳಿದ ಹಾಗೆ ಇಂಜಿನ್ನಿಗೆ ಡೀಸೆಲ್ ಸಿಂಪಡಿಸುವ ನಾಲ್ಕೂ ಇಂಜೆಕ್ಟರ್ ಬದಲಿಸಲಾ ಎಂದು ಕೇಳಿದ್ದೀರಿ. ಎರಡೂ ಬೇಡ. ಮೊದಲು ಬ್ಯಾಟರಿ ವೈರ್ ಕಳಚಿ, ಯಾರೂ ಸೆಲ್ಫ್ ಹೊಡೆಯದ ಹಾಗೆ ನೋಡಿಕೊಳ್ಳಿ.

ನನ್ನದೂ ಕಾರವಾರದ ಮೀನಿನ ಲಾರಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವುದಿಲ್ಲ, ಆಗ ನಮ್ಮ ಗಾಡಿಗೂ ಕೆಲಸ ಇಲ್ಲ. ಒಂದು ವರ್ಷ ಟ್ಯಾಂಕಿನ ತಳದಲ್ಲಿ ಸ್ವಲ್ಪ ಡೀಸೆಲ್ ಬಿಟ್ಟು ನಿಲ್ಲಿಸಿದ್ದೆ. ಕ್ಯಾಪಿನ ರಬ್ಬರ್ ಬಿರಿದಿತ್ತು. ನಮ್ಮ ಕಡೆಯ ಮಳೆ ಗೊತ್ತಲ್ಲ, ನೀರು ಅಲ್ಲಿಂದಲೇ ಇಳಿದಿದೆ. ಆಗಸ್ಟ್‌ನಲ್ಲಿ ಸ್ಟಾರ್ಟ್ ಮಾಡಿದರೆ ಬಿಳಿ ಹೊಗೆ, ಮಿಸ್ಸಿಂಗ್ (ಇಂಜಿನ್ ತಡವರಿಸುವುದು), ಡ್ಯಾಶ್‌ಬೋರ್ಡಿನಲ್ಲಿ ಡೀಸೆಲ್ಲಿನಲ್ಲಿ ನೀರಿದೆ ಎನ್ನುವ ಲೈಟ್.

ಮೆಕ್ಯಾನಿಕ್ ಟ್ಯಾಂಕ್ ಇಳಿಸೋಣ ಎಂದ. ಬೈತಖೋಲ ಬಂದರಿನಲ್ಲಿ ಲೋಡ್ ಕಾಯುತ್ತಿತ್ತು, ನಾನು ಬೇಡ ಎಂದೆ. ಡ್ರೈನ್ ಪ್ಲಗ್ ಬಿಚ್ಚಿ ನೀರು ಬಿಟ್ಟೆವು. ಎರಡೂ ಡೀಸೆಲ್ ಫಿಲ್ಟರ್ ಹೊಸದು ಹಾಕಿದೆವು, ಲೈನಿನಲ್ಲಿ ಸೇರಿದ ಏರ್ ತೆಗೆದೆವು. ಇಂಜಿನ್ ಚೆನ್ನಾಗಿಯೇ ಓಡಿತು. ಅಂಕೋಲಾದವರೆಗೂ ಏನೂ ತೊಂದರೆ ಇಲ್ಲ. ಹುಬ್ಬಳ್ಳಿ ದಾರಿ ಹಿಡಿದು ಅರಬೈಲ್ ಘಟ್ಟ ಹತ್ತುವಾಗ ಪಿಕಪ್ ಹೋಯಿತು, ಒಂದು ತಿರುವಿನಲ್ಲಿ ನಿಂತೇಬಿಟ್ಟಿತು.

ಘಟ್ಟದಲ್ಲೇ ಯಾಕೆ? ಇದು ನಿಮಗೆ ಪೂರ್ತಿ ಅರ್ಥ ಆಗಲೇಬೇಕು. ಒಂದು ಲೀಟರ್ ನೀರು ಒಂದು ಕಿಲೋ ಇದ್ದರೆ ಅಷ್ಟೇ ಡೀಸೆಲ್ ಸುಮಾರು 830 ಗ್ರಾಂ. ಹಾಗಾಗಿ ನೀರು ತಳಕ್ಕೆ ಹೋಗುತ್ತದೆ. ಟ್ಯಾಂಕಿನ ಒಳಗೆ ಡೀಸೆಲ್ ತುಳುಕದಿರಲಿ ಎಂದು ಅಡ್ಡ ತಗಡು ಹಾಕಿರುತ್ತಾರೆ. ಪ್ಲಗ್ ಬಿಚ್ಚಿದರೆ ಪ್ಲಗ್ ಹತ್ತಿರದ ನೀರು ಹೋಗುತ್ತದೆ, ಅಷ್ಟೇ. ತಗಡಿನ ಬುಡದಲ್ಲಿ, ಮೂಲೆಯಲ್ಲಿ, ಕಪ್ಪು ಲೋಳೆಯ ಅಡಿಯಲ್ಲಿ ಇದ್ದದ್ದು ಅಲ್ಲೇ ಉಳಿಯುತ್ತದೆ. ಸಕ್ಷನ್ ಪೈಪಿನ ಬಾಯಿ ತಳಕ್ಕೆ ತಾಗಿರುವುದಿಲ್ಲ, ಸ್ವಲ್ಪ ಮೇಲಿರುತ್ತದೆ. ಆದ್ದರಿಂದ ಸಪಾಟು ರಸ್ತೆಯಲ್ಲಿ ಅದು ಬರೀ ಡೀಸೆಲ್ ಎಳೆಯಿತು. ಏರಿನಲ್ಲಿ ಟ್ಯಾಂಕ್ ವಾಲಿತು, ತಿರುವಿನಲ್ಲಿ ಕುಲುಕಿತು. ಉಳಿದ ನೀರೆಲ್ಲ ಒಂದು ಕಡೆ ಕೂಡಿ ಪೈಪಿನ ಬಾಯಿಗೆ ಬಂತು. ದಾರಿಯಲ್ಲಿ ನೀರನ್ನು ಬೇರ್ಪಡಿಸುವ ಸೆಪರೇಟರಿನ ಬಟ್ಟಲು ಚಿಕ್ಕದು, ಅದು ತುಂಬಿದ ಮೇಲೆ ನೀರು ಸೀದಾ ಪಂಪಿಗೆ. ಅದೂ ಫುಲ್ ಲೋಡಿನಲ್ಲಿ, ಪ್ರೆಶರ್ ಜಾಸ್ತಿ ಇರುವ ಹೊತ್ತಿಗೆ ಸರಿಯಾಗಿ.

ಕಾಮನ್ ರೈಲ್, ಅಂದ್ರೆ ಎಲ್ಲ ಇಂಜೆಕ್ಟರಿಗೂ ಒಂದೇ ಪೈಪಿನಿಂದ ಪ್ರೆಶರಿನಲ್ಲಿ ಡೀಸೆಲ್ ಕೊಡುವ ಇಂಜಿನ್ನಿನಲ್ಲಿ ಆ ಪ್ರೆಶರ್ 1600 ಬಾರ್‌ವರೆಗೂ, ಕೆಲವದರಲ್ಲಿ ಇನ್ನೂ ಮೇಲಕ್ಕೂ ಹೋಗುತ್ತದೆ. ಲಾರಿ ಟೈರಿನಲ್ಲಿ ಇರುವುದು ಸುಮಾರು 8 ಬಾರ್. ಇಂಜೆಕ್ಟರ್ ಒಳಗಿನ ಭಾಗಗಳಿಗೆ ಬೇರೆ ಆಯಿಲ್ ಇಲ್ಲ, ಡೀಸೆಲ್ಲಿನ ಜಿಡ್ಡೇ ಆಧಾರ. ನೀರಿಗೆ ಆ ಜಿಡ್ಡು ಇಲ್ಲ, ಉಕ್ಕಿಗೆ ಉಕ್ಕು ಉಜ್ಜುತ್ತದೆ. ನನ್ನ ಪಂಪ್ ಹೋಯಿತು, ಇಂಜೆಕ್ಟರ್ ಹೋದವು, ಐಸ್ ಕರಗಿ ಬಂಗಡೆಯೂ ಹೋಯಿತು.

ಔಷಧಿ ಯಾಕೆ ಬೇಡ ಅಂದ್ರೆ, ಅವುಗಳಲ್ಲಿ ಹಲವು ನೀರನ್ನು ಡೀಸೆಲ್ ಜೊತೆ ಕಲಸುತ್ತವೆ. ಹಾಗೆ ಕಲಸಿದ ನೀರನ್ನು ಸೆಪರೇಟರ್ ಬೇರ್ಪಡಿಸಲಾರದು. ಅದು ಇಂಜೆಕ್ಟರ್ ಮೂಲಕವೇ ಹೋಗಬೇಕು. ಹನಿ ತೇವಕ್ಕೆ ಸರಿ ಇರಬಹುದು, ತಳದಲ್ಲಿ ನಿಂತ ನೀರಿಗೆ ಖಂಡಿತ ಅಲ್ಲ.

ಟ್ಯಾಂಕ್ ಇಳಿಸಿ, ಡೀಸೆಲ್ ಮಟ್ಟ ತೋರಿಸುವ ಫ್ಲೋಟ್ ಬಿಚ್ಚಿ, ಒಳಗೆಲ್ಲ ಹೊಸ ಡೀಸೆಲ್ಲಿನಿಂದ ತೊಳೆದು ಪೂರ್ತಿ ಒಣಗಿಸಿ. ಲೈನಿನ ಎರಡೂ ತುದಿ ಕಳಚಿ ಗಾಳಿ ಹೊಡೆಸಿ. ಮಿಕ್ಕ ಡೀಸೆಲ್ಲನ್ನು ಟ್ಯಾಂಕಿಗೆ ವಾಪಸ್ ತರುವ ರಿಟರ್ನ್ ಪೈಪನ್ನು ಮರೆಯಬೇಡಿ, ಅದರಲ್ಲೂ ನೀರು ಕೂತಿರುತ್ತದೆ. ಹಳೆಯ ಫಿಲ್ಟರ್ ಎಸೆಯುವ ಮೊದಲು ಕತ್ತರಿಸಿ ನೋಡಿ. ಹೊಳೆಯುವ ಲೋಹದ ಪುಡಿ ಇದ್ದರೆ ಸವೆತ ಶುರುವಾಗಿದೆ, ಪಂಪ್ ಬಿಚ್ಚಿಸಲೇಬೇಕು. ಇಲ್ಲದಿದ್ದರೆ ಹೊಸ ಫಿಲ್ಟರ್ ಹಾಕಿ, ಹ್ಯಾಂಡ್ ಪಂಪಿನಲ್ಲಿ ಏರ್ ತೆಗೆಯಿರಿ. ಹಳೇ ಇಂಜಿನ್ನಿನ ಅಭ್ಯಾಸದಲ್ಲಿ ಸೆಲ್ಫ್ ಹೊಡೆಯುತ್ತಾ ಇಂಜೆಕ್ಟರಿಗೆ ಹೋಗುವ ನಾಝಲ್ ಪೈಪ್ ಸಡಿಲಿಸುವವರಿದ್ದಾರೆ. ಕಾಮನ್ ರೈಲಿನಲ್ಲಿ ಹಾಗೆ ಮಾಡಲು ಬಿಡಬೇಡಿ, ಅಷ್ಟು ಪ್ರೆಶರಿನ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ.

ಆಮೇಲೆ ಇಂಜೆಕ್ಟರ್ ಮಾತು. ಸ್ಟಾರ್ಟ್ ಆಗಿ ಮಿಸ್ಸಿಂಗ್ ಉಳಿದರೆ ಯಾವ ಇಂಜೆಕ್ಟರ್ ಎಷ್ಟು ಡೀಸೆಲ್ ವಾಪಸ್ ಬಿಡುತ್ತದೆ ಎಂದು ನೋಡುವ ರಿಟರ್ನ್ ಲೀಕ್ ಟೆಸ್ಟ್ ಮಾಡಿಸಿ, ಜಾಸ್ತಿ ಬಿಡುವುದನ್ನು ಮಾತ್ರ ಟೆಸ್ಟ್ ಬೆಂಚಿಗೆ ಕಳಿಸಿ. ಇಂಜಿನ್ ಆಯಿಲ್ ಮಟ್ಟವನ್ನೂ ನೋಡಿ, ಏರಿದ್ದರೆ ಡೀಸೆಲ್ ಕೆಳಗಿನ ಆಯಿಲಿಗೆ ಇಳಿಯುತ್ತಿದೆ ಎಂದು ಅರ್ಥ. ಟೆಸ್ಟ್ ಮಾಡದೆ ನಾಲ್ಕೂ ಬದಲಿಸಿ ಎನ್ನುವವರಿಗೆ ಗಾಡಿ ಕೊಡಬೇಡಿ.

ಎಲ್ಲ ಮುಗಿದ ಮೇಲೆ ಖಾಲಿ ಗಾಡಿಯನ್ನೇ ಒಮ್ಮೆ ಘಟ್ಟ ಹತ್ತಿಸಿ. ಮೇಲೆ ನಿಲ್ಲಿಸಿ, ಸೆಪರೇಟರಿನಿಂದ ಒಳಗಿನದು ಕಾಣುವ ಬಾಟಲಿಗೆ ಡೀಸೆಲ್ ಬಿಟ್ಟು ಸ್ವಲ್ಪ ಹೊತ್ತು ಇಡಿ. ತಳದಲ್ಲಿ ನೀರಿನ ಗೆರೆ ಕಂಡರೆ ಲೋಡ್ ಒಪ್ಪಿಕೊಳ್ಳಬೇಡಿ, ಟ್ಯಾಂಕ್ ಇನ್ನೊಮ್ಮೆ ಇಳಿಸಿ.